ಮುಂದಿನ ಸೀಟಿನ ಕಂಡಕ್ಟರ್

ನಮ್ಮನೆ ಕಾರು ಹೊರಟರೆ ನಾಲ್ಕು ಮನೆ ಆಚೆಯವರಿಗೂ ಗೊತ್ತಾಗುತ್ತೆ. ಇಂಜಿನ್ ಸದ್ದಿಗಲ್ಲ, ಅಮ್ಮನ ಬಾಯಿಗೆ. "ರೈಟ್, ರೈಟ್. ಎಡಕ್ಕೆ ಸೈಕಲ್. ಹೋಲ್ಡಾನ್, ನಾಯಿ ಮಲಗಿದೆ. ಹ್ಞಾಂ, ಎದ್ದು ಹೋಯ್ತು, ರೈಟ್." ಅವಳು ಇಪ್ಪತ್ತಾರು ವರ್ಷ ಬಸ್ ಕಂಡಕ್ಟರ್ ಆಗಿದ್ದವಳು. ಅದೇ ಬಸ್ಸಿನ ಸ್ಟೇರಿಂಗ್ ಹಿಡಿದಿದ್ದವರು ನಮ್ಮಪ್ಪ. ಇಬ್ಬರೂ ರಿಟೈರಾಗಿ ಆರು ವರ್ಷವಾದ್ರೂ ಅಮ್ಮ ಮುಂದಿನ ಸೀಟಲ್ಲಿ ಕೂತು ಡ್ಯೂಟಿ ಮಾಡ್ತಾನೇ ಇದ್ದಳು. ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತ ನಾನು ನಗ್ತಿದ್ದೆ. ಆ ನಗು ನೆನೆಸ್ಕೊಂಡ್ರೆ ಈಗ ನನ್ನ ಕೆನ್ನೆಗೆ ನಾನೇ ಬಾರಿಸ್ಕೋಬೇಕು ಅನ್ಸುತ್ತೆ.

ನನ್ನ ಬಗ್ಗೆಯೂ ಹೇಳಿಬಿಡ್ತೀನಿ. ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡೋದು ನನ್ನ ಕೆಲಸ. ಹನ್ನೊಂದು ವರ್ಷದಿಂದ ದಿನಕ್ಕೆ ಮೂವತ್ತು ಮೂಗಿನ ಮೇಲೆ ಫ್ರೇಮ್ ಕೂರಿಸಿ, "ಇದ್ರಲ್ಲಿ ಚೆನ್ನಾಗಿ ಕಾಣುತ್ತಾ, ಅದ್ರಲ್ಲಾ" ಅಂತ ಕೇಳ್ತಾ ಇದ್ದೀನಿ. ಡ್ರೈವರ್ ಮಗಳಾದ್ರೂ ಗಾಡಿ ಓಡಿಸೋಕೆ ಬರಲ್ಲ. ಅಪ್ಪ ಕಲಿಸೋಕೆ ಕರ್ಕೊಂಡು ಹೋದ ಮೊದಲ ದಿನವೇ ಕ್ಲಚ್ಚಿನ ವಿಷಯಕ್ಕೆ ಜಗಳವಾಗಿ, ನಾನು ಕಾರಿನ ಬಾಗಿಲು ಬಡಿದು ಮೂರು ಮೈಲಿ ನಡ್ಕೊಂಡು ಮನೆಗೆ ಬಂದಿದ್ದೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತೆ. ಗಂಡ ಹಡಗಿನಲ್ಲಿ ಮೆಕ್ಯಾನಿಕ್, ವರ್ಷಕ್ಕೆ ಎರಡು ತಿಂಗಳು ಮನೆಗೆ ಬರ್ತಾನೆ. ಉಳಿದ ಹತ್ತು ತಿಂಗಳು ನಾನು, ಅಪ್ಪ, ಅಮ್ಮ, ಒಂಬತ್ತು ವರ್ಷದ ನನ್ನ ಮಗಳು ಮೆಣಸು. ಅವಳಿಗೆ ಸರಿಯಾದ ಹೆಸರು ಬೇರೆ ಇದೆ. ಗುಣಕ್ಕೆ ಒಪ್ಪೋದು ಇದೇ.

ನನ್ನ ತಂಗಿ ಇರೋದು ನೂರ ಎಪ್ಪತ್ತು ಕಿಲೋಮೀಟರ್ ದೂರದಲ್ಲಿ. ಚೊಚ್ಚಲ ಬಾಣಂತಿ, ಮಗುವಿಗೆ ಇನ್ನೂ ಮೂರು ದಿನ. ಅವಳ ಗಂಡನಿಗೆ ರಜ ಮುಗಿದು, ಆ ಸಂಜೆಯೇ ಅವನು ಕೆಲಸಕ್ಕೆ ಹೋಗಬೇಕಿತ್ತು. ಅಷ್ಟರೊಳಗೆ ನಾವು ತಲುಪದಿದ್ರೆ, ಹೊಲಿಗೆ ಇನ್ನೂ ಒಣಗದ ಹುಡುಗಿ ಹಸುಗೂಸನ್ನ ಇಟ್ಕೊಂಡು ಒಬ್ಬಳೇ ಆಗ್ತಿದ್ದಳು. ಮೊದಲಾದ್ರೆ ಅವಳ ಮನೆ ತಿರುವಿಗೇ ಬಸ್ಸಿತ್ತು. ಅಪ್ಪ ಅಮ್ಮ ಇಬ್ಬರೂ ದುಡಿದ ಬಸ್ಸೇ ಅದು. ಅಪ್ಪ ಆ ರೂಟನ್ನ ಕಣ್ಣು ಮುಚ್ಕೊಂಡು ಓಡಿಸ್ತಾರೆ ಅಂತ ಡಿಪೋದಲ್ಲಿ ಹೊಗಳ್ತಿದ್ರು. ಅವರು ರಿಟೈರಾದ ಎರಡು ವರ್ಷಕ್ಕೆ, ಜನ ಇಲ್ಲ ಅಂತ ಹೇಳಿ ಬಸ್ ನಿಲ್ಲಿಸಿದ್ರು. ಈಗ ಮೂರು ಕಡೆ ಇಳಿದು ಹತ್ತಬೇಕು, ಮೂರನೆಯದು ಬಂದ್ರೆ ಬಂತು ಇಲ್ಲದಿದ್ರೆ ಇಲ್ಲ. ಅಮ್ಮನ ಮಂಡಿ ಬೇರೆ ತೆಂಗಿನಕಾಯಿ ಹಾಗೆ ಊದಿಕೊಂಡಿತ್ತು. ಕಾರು ಬಿಟ್ರೆ ಗತಿಯಿರಲಿಲ್ಲ.

ಹೊರಡುವಾಗ ನಾನೇ ಮುಂದಿನ ಬಾಗಿಲಿಗೆ ಅಡ್ಡ ನಿಂತೆ. "ಅಮ್ಮ, ನೀನು ಹಿಂದೆ. ಕಾಲು ಚಾಚ್ಕೊಂಡು ಕೂತ್ಕೋ."

"ನಂಗೆ ಹಿಂದೆ ಕೂತ್ರೆ ವಾಂತಿ ಬರುತ್ತೆ ಕಣೇ."

"ಅದಕ್ಕೂ ಮಾತ್ರೆ ಇದೆ." ಮಂಡಿದೊಂದು, ವಾಂತಿದೊಂದು, ಎರಡೂ ಮಾತ್ರೆ ಕೈಗಿಟ್ಟು, ನುಂಗೋ ತನಕ ಬಿಡಲಿಲ್ಲ. ಅಮ್ಮ ಅಪ್ಪನ ಮುಖ ನೋಡಿದಳು. ಅಪ್ಪ, "ಇರ್ಲಿ ಬಿಡು, ಹಿಂದಿನಿಂದ್ಲೇ ಕೂಗು" ಅಂದ್ರು.

ಮೆಣಸು ನನ್ನ ಕಂಕುಳ ಕೆಳಗಿನಿಂದ ನುಸುಳೋಕೆ ನೋಡಿದಳು. "ಹಾಗಾದ್ರೆ ನಾನು ಮುಂದೆ. ಅಜ್ಜಿ ಬದಲು ನಾನು ಮಾಡ್ತೀನಿ."

"ಮಾಡೋದೇನು ಮಣ್ಣು. ಮಕ್ಕಳು ಹಿಂದೆ," ಅಂತ ಗದರಿ ನಾನೇ ಮುಂದೆ ಕೂತೆ. ಮನೆಯವರೆಲ್ಲ ಒಂದು ದಾರಿ ಹಿಡಿದ್ರೆ ನನ್ನದೇ ಒಂದು ದಾರಿ, ಅದು ನನಗೆ ಮೊದಲಿನಿಂದ ಅಂಟಿದ ರೋಗ.

ಒಂದು ಗಂಟೆ ಎಲ್ಲ ಸರಿಯಿತ್ತು. ಅಮ್ಮ ಹಿಂದಿನಿಂದ ಕತ್ತು ಉದ್ದ ಮಾಡಿ, ಲಾರಿ, ಹಂಪು, ಅಡ್ಡ ಬಂದ ಮೇಕೆ ಎಲ್ಲ ಕೂಗ್ತಿದ್ದಳು. ಆಮೇಲೆ ಮಾತ್ರೆ ತನ್ನ ಕೆಲಸ ಶುರು ಮಾಡ್ತು. ಅವಳು ಕಿಟಕಿ ಇಳಿಸಿದಳು, ಮುಖಕ್ಕೆ ನೀರು ಚಿಮುಕಿಸ್ಕೊಂಡಳು, ತೊಡೆ ಚಿವುಟಿಕೊಂಡಳು. "ನಿದ್ದೆ ಬಂದ್ರೆ ಮಲಗಮ್ಮ, ನೀನೇನು ಕಾವಲಿಗಿದ್ದೀಯಾ" ಅಂತ ನಾನು ಅಂದೆ. ಸ್ವಲ್ಪ ಹೊತ್ತಿಗೆ ಬಾಯಿ ತೆರೆದು ಗೊರಕೆ ಹೊಡೆಯೋಕೆ ಶುರು ಮಾಡಿದಳು.

ಆಗ ಮೆಣಸು ಎರಡು ಸೀಟಿನ ನಡುವೆ ತಲೆ ತೂರಿಸಿ ಪಿಸುಗುಟ್ಟೋಕೆ ಶುರು ಮಾಡಿದಳು. "ತಾತ, ಮುಂದೆ ಟ್ರ್ಯಾಕ್ಟರ್. ತಾತ, ಬಲಕ್ಕೆ ತಿರುವು."

"ತಲೆ ಹಿಂದಕ್ಕೆ ತಗೋ. ತಾತಂಗೆ ಕಣ್ಣಿಲ್ವಾ? ನಿನ್ನ ಅಜ್ಜಿದೇ ಸಾಕಾಗಿದೆ ನಂಗೆ."

ಅವಳು ಮುಖ ಊದಿಸಿಕೊಂಡು ಹಿಂದೆ ಸರಿದಳು. ಕಾರೊಳಗೆ ಅಮ್ಮನ ಗೊರಕೆ ಬಿಟ್ರೆ ಸದ್ದೇ ಇಲ್ಲ. ಹಾಯಾಯ್ತು ಅಂದ್ಕೊಂಡೆ, ದೇವರಾಣೆಗೂ ಹಾಗೇ ಅಂದ್ಕೊಂಡೆ. ತಂಗಿ ಕಳಿಸಿದ ಮಗುವಿನ ಫೋಟೋ ದೊಡ್ಡದು ಮಾಡಿ, ಕಿವಿ ಯಾರ ಹಾಗಿದೆ ಅಂತ ನೋಡ್ತಾ ಕೂತೆ. ಕಾರು ನಿಧಾನವಾಯ್ತು, ಮೂವತ್ತಕ್ಕೆ ಇಳಿಯಿತು.

"ಯಾಕಪ್ಪ, ಎತ್ತಿನ ಗಾಡಿ ಹೊಡೆದ ಹಾಗೆ ಹೊಡೀತಿದ್ದೀರ? ಸಂಜೆಯೊಳಗೆ ತಲುಪಬೇಕು."

"ಏನಾದ್ರೂ ಮಾತಾಡು ಮಗಳೇ. ದಾರೀಲಿ ಏನೇನಿದೆ ಹೇಳು."

"ರಸ್ತೆ ಇದೆ" ಅಂದೆ.

ಅಪ್ಪ ನಕ್ಕರು. ಮುಂದೆ ಒಂದು ತಿರುವು ದಾಟಿದ ಮೇಲೆ, "ಇಲ್ಲಿಂದ ನಾಲ್ಕು ಮೈಲಿ ನೇರ" ಅಂತ ತಮಗೆ ತಾವೇ ಹೇಳ್ಕೊಂಡು ವೇಗ ಹೆಚ್ಚಿಸಿದ್ರು. ನಾನು ಫೋನಿನಿಂದ ತಲೆ ಎತ್ತಿದೆ. ದೂರದಲ್ಲಿ ಒಂದು ಹಳೇ ಬಸ್ ಸ್ಟಾಪು, ಸಿಮೆಂಟಿನ ಚಾವಣಿಯದು. ಅದರ ಮುಂದೆ ಒಬ್ಬ ಹೆಂಗಸು. ರಸ್ತೆ ಬದಿಯಲ್ಲಲ್ಲ, ರಸ್ತೆಯೊಳಗೇ ಬಂದು, ಕಾಲಬುಡದಲ್ಲಿ ಚೀಲ ಇಟ್ಕೊಂಡು ಕೈ ಅಡ್ಡ ಹಿಡಿದಿದ್ದಳು. ಅಪ್ಪ ಸರಿದು ಹೋಗ್ತಾರೆ ಅಂದ್ಕೊಂಡೆ. ಸರಿಯಲಿಲ್ಲ. ಹಾರ್ನ್ ಮಾಡಲಿಲ್ಲ. ಅಪ್ಪನ ಮುಖ ನೋಡಿದೆ. ನೇರ ಅವಳ ಕಡೆಗೇ ನೋಡ್ತಿದ್ರು, ಮನೆ ಜಗಲೀಲಿ ಕೂತ ಹಾಗೆ, ಶಾಂತವಾಗಿ.

"ಹೋಲ್ಡಾನ್!"

ಕೂಗಿದ್ದು ಮೆಣಸು. ಆ ಮಾತು ಮುಗಿಯೋ ಮೊದಲೇ ಅಪ್ಪನ ಕಾಲು ಬ್ರೇಕಿನ ಮೇಲಿತ್ತು. ಟಯರು ಕಿರುಚಿತು, ಅಮ್ಮ ಸೀಟಿನಿಂದ ಜಾರಿ ಕೆಳಗೆ ಬಿದ್ದಳು, ನನ್ನ ಫೋನು ಗಾಜಿಗೆ ಬಡಿಯಿತು. ಕಾರು ನಿಂತಾಗ ಆ ಹೆಂಗಸಿಗೂ ಬಾನೆಟ್ಟಿಗೂ ಒಂದು ಮೊಳ ಅಂತರ. ಚೀಲ ಮಾತ್ರ ಚಕ್ರಕ್ಕೆ ತಾಗಿ ಮಗುಚಿತ್ತು.

ಅವಳು ಬೈತಾಳೆ, ಕಲ್ಲು ಎತ್ತಿ ಹಾಕ್ತಾಳೆ ಅಂತ ಕಾದೆ. ಅವಳು ಚೀಲ ಎತ್ತಿ, ಧೂಳು ಕೊಡವಿ, ನನ್ನ ಕಿಟಕಿಗೆ ಬಗ್ಗಿದಳು. "ಪುಣ್ಯ ಬರ್ಲಿ ನಿಮಗೆ. ಒಂದೂವರೆ ಗಂಟೆಯಿಂದ ಕೈ ಅಡ್ಡ ಹಾಕ್ತಿದ್ದೀನಿ, ಒಂದು ನರಪಿಳ್ಳೆನೂ ನಿಲ್ಲಿಸಲಿಲ್ಲ. ಬದೀಲಿ ನಿಂತ್ರೆ ಕಣ್ಣಿಗೇ ಬೀಳಲ್ಲ ಅಂತ ನಡೂಗೇ ಬಂದೆ. ಆಸ್ಪತ್ರೆ ಲಾಂಡ್ರಿಲಿ ಎರಡು ಗಂಟೆಗೆ ಡ್ಯೂಟಿ. ಒಬ್ಬರಿಗೆ ಜಾಗ ಆಗುತ್ತಾ?"

ನಾವು ಕರುಣೆಯಿಂದ ನಿಲ್ಲಿಸಿದ್ದೀವಿ ಅಂತ ಅವಳು ನಂಬಿದ್ದಳು. ನನಗೆ ಅಳು ಬಂತೋ ನಗು ಬಂತೋ ಗೊತ್ತಾಗಲಿಲ್ಲ. ಅಪ್ಪನ ಕಡೆ ತಿರುಗಿದೆ.

"ಅಪ್ಪ, ಅವಳು ಕಾಣಿಸಲಿಲ್ವಾ?"

"ಯಾರು?" ಅಂದ್ರು. ಆಮೇಲೆ ಧ್ವನಿ ಬಂದ ಕಡೆಗೆ ಕತ್ತು ಓರೆ ಮಾಡಿ, ಕಣ್ಣಂಚಿನಿಂದ ಅವಳನ್ನ ಹುಡುಕಿದ್ರು. ಆ ಓರೆ ನೋಟ ನನಗೆ ಗೊತ್ತು. ಅಂಗಡಿಯಲ್ಲಿ ತಿಂಗಳಿಗೆ ಇಬ್ಬರಾದ್ರೂ ಹಾಗೆ ನೋಡ್ತಾರೆ. ಅಂಥವರನ್ನ ಕಂಡ ತಕ್ಷಣ ದೊಡ್ಡ ಡಾಕ್ಟರ್ ಹತ್ರ ಕಳಿಸಿಬಿಡ್ತೀನಿ.

"ಅಪ್ಪ, ಆ ಸ್ಟಾಪಿನ ಬೋರ್ಡು ಓದಿ."

ಅವರು ತಡವರಿಸಲಿಲ್ಲ. ಊರಿನ ಹೆಸರು ಹೇಳಿದ್ರು. "ಬೆಳಿಗ್ಗೆ ಏಳು ಇಪ್ಪತ್ತು, ಮಧ್ಯಾಹ್ನ ಒಂದು ಹತ್ತು, ಸಂಜೆ ಐದು ಮುಕ್ಕಾಲು" ಅಂತ ಗಟಗಟ ಓದಿದ್ರು. ಆ ಬೋರ್ಡಿನ ಮೇಲೆ ಒಂದಕ್ಷರವೂ ಇರಲಿಲ್ಲ. ಬಣ್ಣವೆಲ್ಲ ಉದುರಿ, ಬರೀ ತುಕ್ಕಿತ್ತು.

ಆಗಲೇ ನನಗೆ ಹೊಳೆದದ್ದು. ನಮ್ಮ ಬಡಾವಣೆಗೆ ಸಂಜೆ ಏಳರ ಮೇಲೆ ಬಸ್ಸಿಲ್ಲ. ಅದಕ್ಕೇ ಅಪ್ಪ ದಿನಾ ಅಮ್ಮನ ಜೊತೆ ಕಾರು ತಂದು, ನಾನು ಬಾಗಿಲು ಹಾಕೋ ತನಕ ಅಂಗಡಿ ಬೆಂಚಿನ ಮೇಲೆ ಕೂತಿರ್ತಾರೆ. ಅವರ ಎದುರಿಗೇ ಗಿರಾಕಿಗಳು ಒಬ್ಬರಾದ ಮೇಲೊಬ್ಬರು ಗೋಡೆಯ ಅಕ್ಷರದ ಬೋರ್ಡನ್ನ ಗಟ್ಟಿಯಾಗಿ ಓದ್ತಾರೆ. ಹೋದ ವರ್ಷ ಲೈಸೆನ್ಸ್ ಹೊಸದು ಮಾಡಿಸೋಕೆ ಕಣ್ಣಿನ ಚೀಟಿ ಬೇಕು ಅಂದಾಗ ನಾನೇ ಅವರನ್ನ ಕುರ್ಚಿಯಲ್ಲಿ ಕೂರಿಸಿದ್ದೆ. ಕೊನೇ ಸಾಲಿನವರೆಗೂ ಒಂದೇ ಉಸಿರಿಗೆ ಓದಿದ್ರು. ಅರವತ್ತನಾಲ್ಕರಲ್ಲಿ ಈ ಕಣ್ಣು ನೋಡಿ ಅಂತ ಅಂಗಡಿಯವರಿಗೆಲ್ಲ ಕೊಚ್ಚಿಕೊಂಡು, ಚೀಟಿ ನಾನೇ ಬರೆದು ನಾನೇ ಸೀಲು ಒತ್ತಿದ್ದೆ. ದೀಪದ ಬುಡದಲ್ಲಿ ಕತ್ತಲೆ ಅಂತಾರೆ. ದೀಪ ಹಿಡಿದಿದ್ದವಳು ನಾನೇ.

"ಎಷ್ಟು ದಿನದಿಂದ?" ಅಂದೆ.

ಹಿಂದಿನಿಂದ ಅಮ್ಮ ಹೇಳಿದಳು. ಪೂರ್ತಿ ಎಚ್ಚರಾಗಿ, ಮಂಡಿ ಹಿಡ್ಕೊಂಡು ಕೂತಿದ್ದಳು. "ಮೂರು ವರ್ಷ ಆಗ್ತಾ ಬಂತು. ದೊಡ್ಡ ಡಾಕ್ಟರಿಗೆ ತೋರಿಸಿದ್ದೀವಿ. ರಸ್ತೆಯ ಎರಡು ಅಂಚೂ ಕಾಣುತ್ತೆ, ನಡುವೆ ಇರೋದು ಮಬ್ಬು. ಅದು ಇನ್ನು ವಾಪಸ್ ಬರಲ್ವಂತೆ. ನಡುವಿನದು ನಾನು ಹೇಳ್ತಿದ್ದೆ."

"ನಡುವಿನದು ನೀನು ಹೇಳ್ತಿದ್ಯಾ? ಇದೇನು ಅಡುಗೇನಾ, ಉಪ್ಪು ನೀನು ಹಾಕು ಹುಳಿ ನಾನು ಹಾಕ್ತೀನಿ ಅನ್ನೋಕೆ? ಮಗು ಕೂತಿದೆ ಕಾರಲ್ಲಿ."

"ನಿಂಗೆ ಹೇಳಿದ್ರೆ ನೀನು ಕೀ ಕಿತ್ಕೋತಿದ್ದೆ."

"ಕಿತ್ಕೋತಿದ್ದೆ."

"ಆಮೇಲೆ? ನೀನು ಅಂಗಡಿಯಿಂದ ಹೇಗೆ ಬರ್ತಿದ್ದೆ? ಚಿಕ್ಕವಳ ಹತ್ರ ನಾವು ಹೇಗೆ ಹೋಗ್ತಿದ್ವಿ? ಇವಳು ಸ್ಕೂಲಿಗೆ ಹೇಗೆ ಹೋಗ್ತಿದ್ದಳು? ಬಸ್ ಎಲ್ಲಿದೆ ತೋರ್ಸು."

ಸ್ಕೂಲು ಅಂದ ತಕ್ಷಣ ಲೆಕ್ಕ ಹಾಕಿದೆ. ಬೆಳಿಗ್ಗೆ ಅಮ್ಮ ಅಡುಗೆಮನೆಯಲ್ಲಿರ್ತಾಳೆ. ಮೆಣಸನ್ನ ಸ್ಕೂಲಿಗೆ ಬಿಡೋದು ಅಪ್ಪ, ಒಬ್ಬರೇ. ದಿನಾ ಗೇಟಿನಲ್ಲಿ ನಿಂತು ಟಾಟಾ ಮಾಡಿ ಕಳಿಸೋದು ನಾನು. ಮಗಳ ಕಡೆ ತಿರುಗಿದೆ.

ಅವಳೇ ಹೇಳಿದಳು. "ಸ್ಕೂಲಿಗೆ ಹೋಗುವಾಗ ನಾನೇ ಕಂಡಕ್ಟರ್. ನನ್ನ ಬಿಟ್ಟು ವಾಪಸ್ ಬರುವಾಗ ತಾತ ನಿಧಾನಕ್ಕೆ ಒಬ್ರೇ ಬರ್ತಾರೆ. ಎರಡನೇ ಕ್ಲಾಸಿನಿಂದ. ಅಜ್ಜಿ ಕಲಿಸಿದ್ದು. ಅಮ್ಮಂಗೆ ಹೇಳ್ಬೇಡ, ಬೈತಾಳೆ ಅಂದ್ರು." ನನ್ನ ಭುಜ ಹಿಡಿದು, "ಒಂದ್ಸಲಾನೂ ತಪ್ಪಿಲ್ಲಮ್ಮ" ಅಂದಳು.

ಏಳು ವರ್ಷದ ಕೂಸಿನ ನಾಲಿಗೆ ಮೇಲೆ ಇವರೆಲ್ಲ ಜೀವ ಇಟ್ಕೊಂಡು ಓಡಾಡಿದ್ದಾರೆ. ಅವಳು ಒಂದು ದಿನ ಚಿಟ್ಟೆ ನೋಡ್ತಾ ಮೈಮರೆತಿದ್ರೆ? ಯಾರದೋ ಮಗು ರಸ್ತೆ ದಾಟ್ತಿದ್ದಿದ್ರೆ? ನನಗೆ ಸಿಟ್ಟು ಬರಲೇ ಇಲ್ಲ. ಅದೇ ನನ್ನನ್ನ ಹೆಚ್ಚು ಹೆದರಿಸಿತು. ಕೈ ಚಾಚಿ ಕೀ ಎಳ್ಕೊಂಡೆ. ಅಪ್ಪ ತಡೆಯಲಿಲ್ಲ, ಸ್ಟೇರಿಂಗಿನಿಂದ ಎರಡೂ ಕೈ ತೆಗೆದು ತೊಡೆ ಮೇಲೆ ಇಟ್ಕೊಂಡ್ರು.

"ಯಾರನ್ನಾದ್ರೂ ತಾಗಿಸಿದ್ನಾ?" ಅಂತ ಕೇಳಿದ್ರು.

"ಇಲ್ಲಪ್ಪ. ಚೀಲ ಮಾತ್ರ."

ಕಿಟಕಿಯ ಹೆಂಗಸು ಎಲ್ಲ ಕೇಳಿಸ್ಕೊಂಡಿದ್ದಳು. ಚೀಲವನ್ನ ಎದೆಗೆ ಅವಚಿಕೊಂಡು, ಬಾನೆಟ್ಟಿನ ಕಡೆ ಒಮ್ಮೆ, ತಾನು ನಿಂತಿದ್ದ ಜಾಗದ ಕಡೆ ಒಮ್ಮೆ ನೋಡಿದಳು. ಹೊರಟುಹೋಗ್ತಾಳೆ ಅಂದ್ಕೊಂಡೆ. ಆದ್ರೆ ಎಲ್ಲಿಗೆ ಹೋಗ್ತಾಳೆ? ಅವಳೂ ಸೇರಿ ಕಾರು ತಳ್ಳಿ ಬದಿಗೆ ಹಾಕಿದ್ವಿ. ಸ್ಟೇರಿಂಗ್ ಹಿಡಿದಿದ್ದು ನಾನು, ಅಪ್ಪ ಹಿಂದಿನಿಂದ ತಳ್ಳಿದ್ರು.

ಅಮ್ಮನನ್ನ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂರಿಸಿದ್ವಿ. ಕೂತ ತಕ್ಷಣ ಅವಳು ಡ್ಯೂಟಿ ಶುರು ಮಾಡಿದಳು. "ಗಾಡಿ ನಿಂತ್ರೆ ಮೊದಲು ಲಾಂಡ್ರಿಯವಳನ್ನ ಹತ್ತಿಸಿ, ಅವಳು ಮುಂಚೆ ಬಂದವಳು. ಆಮೇಲೆ ನಾನು, ಬಾಣಂತಿ ಹತ್ರ ಹೋಗೋಳು. ನೀವೆಲ್ಲ ಜಾಗ ನೋಡ್ಕೊಂಡು."

ತಂಗಿ ಫೋನು ಬಂತು. ಹಿಂದೆ ಮಗು ಅಳ್ತಿತ್ತು. "ಅಕ್ಕ, ಎಲ್ಲಿದ್ದೀರ? ಇವರು ಆರಕ್ಕೆ ಹೊರಡ್ತಾರೆ."

"ಬಸ್ ಸ್ಟಾಪಲ್ಲಿ."

"ಬಸ್ ಸ್ಟಾಪಲ್ಲಾ? ಯಾವ ಬಸ್ಸಿಗೆ?"

ಮತ್ತೆ ಮಾಡ್ತೀನಿ ಅಂತ ಇಟ್ಟೆ.

ಬಿಸಿಲು ನೆತ್ತಿಗೆ ಬಂದಿತ್ತು. ಅಮ್ಮ ಬೆಂಚಿನಿಂದ, ನಾವು ನಾಲ್ವರು ಸಾಲಾಗಿ ನಿಂತು, ಕೈ ಅಡ್ಡ ಹಿಡಿದಿದ್ವಿ. ಒಂದು ಕಾರು ಹೋಯ್ತು, ಎರಡು ಹೋಯ್ತು, ಆರು ಹೋಯ್ತು. ಏಳನೆಯದು ನಮ್ಮ ಹತ್ರ ಬರುವಾಗ ಸ್ವಲ್ಪ ನಿಧಾನಿಸಿ, ಆಮೇಲೆ ಜೋರಾಗಿ ಹೊರಟುಹೋಯ್ತು. ಅಪ್ಪ ಅದರ ಸದ್ದು ಪೂರ್ತಿ ಮುಗಿಯೋ ತನಕ ಕಿವಿಗೊಟ್ಟು ನಿಂತಿದ್ರು.

"ಎಷ್ಟು ಜನ ಇದ್ರು ಒಳಗೆ?"

"ಓಡಿಸೋನು ಒಬ್ನೇ."

"ಅವನಿಗೆ ನಾವು ಕಾಣಿಸಲಿಲ್ವಾ?"

"ಕಾಣಿಸಿದ್ವಿ ಅಪ್ಪ. ನನ್ನ ಮುಖಾನೇ ನೋಡಿದ."

ಅಪ್ಪ ತಲೆ ಆಡಿಸಿದ್ರು. ಇಪ್ಪತ್ತಾರು ವರ್ಷ, ಹೊಲದೊಳಗಿಂದ ಒಬ್ಬರು ಕೈ ಎತ್ತಿ ಓಡಿ ಬಂದ್ರೂ ಬಸ್ ನಿಲ್ಲಿಸಿದ ಮನುಷ್ಯ.

"ತಾತ, ಇನ್ನೊಂದು ಬರ್ತಿದೆ. ಬಿಳೀದು," ಅಂದಳು ಮೆಣಸು.

ಅಪ್ಪ ಕೈ ಎತ್ತಿದ್ರು. ಕಣ್ಣಂಚಿನಿಂದ ಅದನ್ನ ಹುಡುಕ್ತಾ, ಹೊಲದ ಕಡೆ ಮುಖ ಮಾಡಿ ಎತ್ತಿದ್ರು. ನಾನು ಅವರ ಮೊಣಕೈ ಹಿಡಿದು ರಸ್ತೆ ಕಡೆ ತಿರುಗಿಸಿದೆ.