ಹದ್ದು ಹಿಡಿದ ಟೋಪಿ

ಕುಲಾಶಳ ನರಿತೊಗಲಿನ ಟೋಪಿ ಕಂಡರೆ ಅವಳ ಗಂಡ ಸಪರ್ಗಾಲಿಗೆ ಆಗುತ್ತಿರಲಿಲ್ಲ. ಬೆನ್ನ ಮೇಲೆ ಬಾಲ ಇಳಿಬಿದ್ದ ಆ ಕೆಂಪು ಟೋಪಿ ಹಾಕಿಕೊಂಡರೆ ಅವಳು ತನಗಿಂತ ಎತ್ತರ ಕಾಣುತ್ತಾಳೆ ಎಂಬುದು ಅವನ ದೂರು. ಆದರೆ ಟ್ರಾಲಿಬಸ್ ಡಿಪೋದಿಂದ ನಿವೃತ್ತನಾದ ಮೇಲೆ ಇಬ್ಬರೇ ಮೊದಲ ಸಲ ಹೊರಗೆ ಹೊರಟಿದ್ದರು. ಬಾಯಿ ಮುಚ್ಚಿಕೊಂಡಿದ್ದರೇ ಕ್ಷೇಮವೆಂದು ಸುಮ್ಮನಾದ.

ಅಲ್ಮಾಟಿ ನಗರದ ಮೇಲಿನ ಗುಡ್ಡದಲ್ಲಿ ಆಗಷ್ಟೇ ವರ್ಷದ ಮೊದಲ ಹಿಮ ಬಿದ್ದಿತ್ತು. ಕಬಾಬಿನ ಅಂಗಡಿಯಲ್ಲಿ ಊಟಕ್ಕೆ ಹೇಳಿ, ಪಕ್ಕದಲ್ಲೇ ಬೇಟೆಯ ಹದ್ದನ್ನಿಟ್ಟುಕೊಂಡು ನಿಂತಿದ್ದ ಬೆರ್ದಿಬೆಕ್‌ನ ಹತ್ತಿರ ಕಾಸು ಕೊಟ್ಟು ಹದ್ದಿನ ಜೊತೆ ಫೋಟೋ ತೆಗೆಸಿಕೊಳ್ಳಲು ಹೋದರು.

"ಅಕ್ಕಾ, ಮೊದ್ಲು ಆ ಟೋಪಿ ತೆಗೆದು ಚೀಲಕ್ಕೆ ಹಾಕಿ," ಎಂದ ಬೆರ್ದಿಬೆಕ್, ಹದ್ದಿನ ಬೆನ್ನು ಸವರುತ್ತ. "ನಮ್ಮ ಹುಡುಗಿ ನರಿ ಹಿಡಿಯೋಳು. ಕಂಡ್ರೆ ಬಿಡಲ್ಲ."

"ಟೋಪಿ ಇಲ್ದೆ ಫೋಟೋನಾ? ಬೇಕಾದ್ರೆ ಇವ್ರನ್ನೇ ಚೀಲಕ್ಕೆ ಹಾಕ್ತೀನಿ."

"ಹಾಕೇ, ಹಾಕು. ಬೆಚ್ಚಗಾದ್ರೂ ಇರ್ತೀನಿ," ಎಂದ ಸಪರ್ಗಾಲಿ.

ಕೊನೆಗೆ ಕುಲಾಶ್ ಒಪ್ಪಿದವಳಂತೆ ಟೋಪಿಯನ್ನು ಬೆನ್ನ ಹಿಂದೆ ಹಿಡಿದು ನಿಂತಳು. ಬೆರ್ದಿಬೆಕ್ ಸಪರ್ಗಾಲಿಯ ಕೈಗೆ ದಪ್ಪ ಕೈಗವಸು ತೊಡಿಸಿ, ಹದ್ದನ್ನು ಕೂರಿಸಿ, ಅದರ ಕಾಲಿನ ಪಟ್ಟಿ ಬಿಗಿಯಾಗಿ ಹಿಡಿದುಕೊಳ್ಳಲು ಹೇಳಿದ. ಹದ್ದಿನ ಕಣ್ಣಿನ ಮುಸುಕು ತೆಗೆದು, ಫೋನ್ ಹಿಡಿದು ಹಿಂದೆ ಸರಿದ.

ಹದ್ದು ಕುರಿಮರಿಯಷ್ಟು ಭಾರವಿತ್ತು. ಸಪರ್ಗಾಲಿ ಹೊಟ್ಟೆ ಒಳಗೆಳೆದುಕೊಂಡು ವೀರನಂತೆ ನಿಲ್ಲಲು ನೋಡಿದ. ಬೆರಳುಗಳಿಗೆ ಜೋಮು ಹಿಡಿಯತೊಡಗಿತು. ಇನ್ನೇನು ಫೋಟೋ ತೆಗೆಯಬೇಕು, ಕುಲಾಶ್ ಸರಕ್ಕನೆ ಟೋಪಿ ಮುಂದೆ ತಂದಳು. ಅದು ತಲೆ ಸೇರಲೇ ಇಲ್ಲ. ನರಿಯ ಬಾಲ ಹದ್ದಿನ ಕಣ್ಣೆದುರು ಒಮ್ಮೆ ತೂಗಿತು, ಅಷ್ಟೇ. ಪಟ್ಟಿ ಸಪರ್ಗಾಲಿಯ ಕೈಯಿಂದ ಜಾರಿತು. ರೆಕ್ಕೆ ಬಡಿದ ಗಾಳಿಗೆ ಅವನು ಹಿಮದಲ್ಲಿ ಕುಂಡೆ ಊರಿ ಕೂತ. ಹದ್ದು ಟೋಪಿ ಕಿತ್ತುಕೊಂಡು ಕಬಾಬಿನ ಅಂಗಡಿಯ ಮಾಡಿನ ಮೇಲೆ ಇಳಿಯಿತು.

"ರೀ! ನನ್ನ ಟೋಪಿ!"

"ನನಗೇನೂ ಆಗಿಲ್ಲ ಕಣೇ," ಎಂದ ಸಪರ್ಗಾಲಿ ಕೂತಲ್ಲಿಂದಲೇ.

"ನಿಮ್ಮನ್ನ ಯಾರು ಕೇಳಿದ್ರು?"

ಬೆರ್ದಿಬೆಕ್ ಕೂಗಿ ಕರೆದ. ಹದ್ದು ಕದಲಲಿಲ್ಲ. "ಮಾಂಸ ತೋರಿಸಿದ್ರೇನೇ ಬೇಟೆ ಬಿಡೋದು. ನನ್ನ ಹತ್ರ ಇದ್ದದ್ದೆಲ್ಲ ಮುಗಿದುಹೋಯ್ತು."

ಸಪರ್ಗಾಲಿ ಓಡಿ ಕಬಾಬಿನ ಅಂಗಡಿಯೊಡತಿ ಜಿಬಾಳನ್ನು ಕೇಳಿದ. ಅವಳ ಹತ್ತಿರ ಹಸಿ ಮಾಂಸವೆಂದು ಉಳಿದಿದ್ದದ್ದು ಇವರ ಊಟದ್ದೇ, ಅದೂ ಈರುಳ್ಳಿ ರಸದಲ್ಲಿ ನೆನೆದದ್ದು. ಬೆರ್ದಿಬೆಕ್ ಅದನ್ನು ಎತ್ತಿ ತೋರಿಸಿದ. ಹದ್ದು ಮುಖ ತಿರುಗಿಸಿತು.

"ತೊಳೀರಿ ಅಣ್ಣಾ, ಚೆನ್ನಾಗಿ ತೊಳೀರಿ. ಇವಳಿಗೆ ಈರುಳ್ಳಿ ಆಗಲ್ಲ," ಎಂದ ಬೆರ್ದಿಬೆಕ್.

ಸಪರ್ಗಾಲಿ ಬಕೆಟ್ಟಿನ ತಣ್ಣೀರಿನಲ್ಲಿ ತನ್ನ ಊಟವನ್ನು ತಾನೇ ತೊಳೆದ. ಮನೆಯಲ್ಲಿ ಒಂದು ಲೋಟವನ್ನೂ ತೊಳೆದವನಲ್ಲ. ಅವನು ಕೈಗೆ ಬಿಸಿಯುಸಿರು ಊದಿಕೊಳ್ಳುತ್ತ ತೊಳೆಯುವುದನ್ನು ಕುಲಾಶ್ ಟೋಪಿಯ ಚಿಂತೆಯನ್ನೂ ಮರೆತು ನೋಡುತ್ತ ನಿಂತಳು.

ಈ ಸಲ ಹದ್ದು ಇಳಿದು ಬಂದು ಬೆರ್ದಿಬೆಕ್‌ನ ಕೈಮೇಲೆ ಕೂತು ಗಬಗಬನೆ ತಿಂದಿತು. ಟೋಪಿ ಮಾಡಿನ ಮೇಲೇ ಉಳಿಯಿತು. ಸಪರ್ಗಾಲಿ ಏಣಿ ಹತ್ತಿದ.

"ಜೋಪಾನ ರೀ! ಜಾರೀತು!"

ಅವನಿಗೆ ಎದೆ ತುಂಬಿ ಬಂತು. "ನಾನು ಜಾರಲ್ಲ ಬಿಡೇ."

"ಟೋಪಿ ರೀ, ಟೋಪಿ!"

ಟೋಪಿಯ ಒಂದು ಕಿವಿಪಟ್ಟಿ ಹರಿದು ಜೋತಾಡುತ್ತಿತ್ತು. ಕುಲಾಶ್ ಅದನ್ನು ಹಾಗೆಯೇ ತಲೆಗೇರಿಸಿಕೊಂಡಳು. ಅಷ್ಟರಲ್ಲಿ ಜನ ನೆರೆದಿದ್ದರು. ಹದ್ದಿನ ಬಾಯಿಂದ ಬಂದ ಟೋಪಿಯ ಹೆಂಗಸಿನ ಜೊತೆ ಫೋಟೋ ಬೇಕೆಂದು ಸಾಲು ಶುರುವಾಯಿತು. ಅವಳು ನಕ್ಕೂ ನಕ್ಕೂ ಕೆನ್ನೆ ನೋಯಿಸಿಕೊಂಡಳು. ಹದ್ದಿನ ಹತ್ತಿರ ಯಾರೂ ಇರಲಿಲ್ಲ.

"ಅಣ್ಣಾ, ಅಕ್ಕನ್ನ ಕರ್ಕೊಂಡು ಹೊರಡ್ತೀರಾ?" ಎಂದು ಬೆರ್ದಿಬೆಕ್ ಕೈಮುಗಿಯುವುದೊಂದು ಬಾಕಿ.

ಇಬ್ಬರೂ ಬರೀ ರೊಟ್ಟಿ, ಈರುಳ್ಳಿ ತಿಂದು ಚಹಾ ಕುಡಿದು ಬಸ್ ನಿಲ್ದಾಣಕ್ಕೆ ಇಳಿದರು. ಅಲ್ಲಿ ಮಲಗಿದ್ದ ದೊಡ್ಡ ನಾಯಿಯೊಂದು ತಲೆಯೆತ್ತಿ, ಮೂಗರಳಿಸಿ, ಟೋಪಿಯನ್ನೇ ದಿಟ್ಟಿಸುತ್ತ ಎದ್ದು ನಿಂತಿತು.

ಕುಲಾಶ್ ಟೋಪಿ ತೆಗೆದು ಗಂಡನ ಬೋಳುತಲೆಗೆ ತೊಡಿಸಿದಳು.

"ಅಯ್ಯೋ ಪಾಪ, ಚಳಿ ನಿಮಗೆ," ಎಂದು ಅವನ ಹಿಂದೆ ಸರಿದಳು.