ಮುಂದಿನ ವರ್ಷದ ಟಿವಿ

ಸೊರಬದ ಬಸ್ ಸ್ಟ್ಯಾಂಡಿನ ಎದುರಿಗಿರುವ ಟಿವಿ ಅಂಗಡಿ ನನ್ನದು. ಹೆಸರು ತೀರ್ಥೇಶ್. ಚೌಕಾಸಿ ಮಾಡುವ ಗಿರಾಕಿಯನ್ನು ಸಹಿಸುತ್ತೇನೆ, ಸುಮ್ಮನೆ ಫ್ಯಾನಿನ ಗಾಳಿಗೆಂದು ಬಂದು ನಿಲ್ಲುವವರನ್ನೂ ಸಹಿಸುತ್ತೇನೆ. ಆದರೆ ನನ್ನ ಅಂಗಡಿಯಲ್ಲೇ ನಿಂತು, ಇನ್ನೂ ಹುಟ್ಟದ ಟಿವಿಯನ್ನು ನನಗೇ ವರ್ಣಿಸುವವರನ್ನು ಕಂಡರೆ ಮೈ ಉರಿಯುತ್ತದೆ. ಉಳವಿಯ ರಾಜಪ್ಪನವರು ಅಂಥವರು.

ಅವರ ಮನೆಯ ಟಿವಿ ಕೆಟ್ಟು ವರ್ಷಗಳೇ ಕಳೆದವು. ಮೊದಲ ಸಲ ಎಲ್‌ಇಡಿ ನೋಡಲು ಬಂದವರು, "ಕ್ಯೂಎಲ್‌ಇಡಿ ಅಂತ ಐತಂತೆ. ತಡೀರಿ, ಬರ್ತೈತೆ" ಎಂದು ಹೊರಟರು. ಅದು ಬಂದಾಗ, "ಓಎಲ್‌ಇಡಿ ಮುಂದೆ ಇದ್ಯಾವ ಲೆಕ್ಕ?" ಎಂದರು. ಅವರನ್ನು ನಂಬಿ ಒಂದು ಓಎಲ್‌ಇಡಿಯನ್ನೂ ತರಿಸಿದೆ. ಅದರ ಹಿಂದೆ ದೀಪವಿಲ್ಲ, ಪರದೆಯ ಒಂದೊಂದು ಚುಕ್ಕಿಯೂ ತಾನೇ ಬೆಳಗುತ್ತದೆ, ಆರಿದರೆ ಅಪ್ಪಟ ಕಪ್ಪು. ನಾನು ಹೇಳುವ ಮೊದಲೇ ಇದನ್ನು ಅವರೇ ನನಗೆ ಹೇಳಿದರು. ಒಂದೇ ಚಿತ್ರ ಬಹಳ ಹೊತ್ತು ನಿಂತರೆ ಅದರ ಅಚ್ಚು ಉಳಿದುಬಿಡುತ್ತದೆ ಎಂಬುದನ್ನೂ ಹೇಳಿದರು, ಬೇರೆ ಗಿರಾಕಿಗಳಿಗೆ ಚೆನ್ನಾಗಿ ಕೇಳಿಸುವ ಹಾಗೆ. ಶಿಕಾರಿಪುರದ ಅಂಗಡಿಯವರು ಅವರನ್ನು ದೂರದಿಂದ ಕಂಡರೇ ಊಟಕ್ಕೆ ಎದ್ದುಬಿಡುತ್ತಾರಂತೆ.

ಈಗ ಅವರ ಬಾಯಲ್ಲಿ ಇರುವುದು ಮೈಕ್ರೋ ಎಲ್‌ಇಡಿ. ಓಎಲ್‌ಇಡಿಯ ಹಾಗೆ ಕಪ್ಪು, ಅದಕ್ಕಿಂತ ಬೆಳಕು, ಅಚ್ಚು ಬೀಳುವ ಭಯವೂ ಇಲ್ಲ. ಸದ್ಯಕ್ಕೆ ಅದನ್ನು ಕೊಳ್ಳಬೇಕಾದರೆ ಅವರ ಅಡಿಕೆ ತೋಟ ಮಾರಬೇಕು, ಅದರ ಗಾತ್ರಕ್ಕೆ ಗೋಡೆಯನ್ನೂ ಹೊಸದಾಗಿ ಕಟ್ಟಿಸಬೇಕು. "ಧಾರಣೆ ಇಳೀತೈತೆ, ತಡೀರಿ" ಎನ್ನುತ್ತಾರೆ ರಾಜಪ್ಪನವರು.

ಧಾರಣೆ! ಅವರ ರೋಗದ ಮೂಲ ಇದೇ. ಅಡಿಕೆ ಬೆಳೆಯುವವರು ಧಾರಣೆ ಏರಲಿ ಎಂದು ಚೀಲ ಕಟ್ಟಿಟ್ಟು ಕಾಯುತ್ತಾರೆ, ಅದು ಕಸುಬಿನ ಜಾಣತನ. ಇವರು ಅದೇ ಜಾಣತನವನ್ನು ಉಲ್ಟಾ ಹಿಡಿದು ನನ್ನ ಅಂಗಡಿಗೆ ತಂದರು. ಅಡಿಕೆ ಹಳೆಯದಾದರೂ ಅಡಿಕೆಯೇ, ಕಾದಿದ್ದಕ್ಕೆ ಏನಾದರೂ ಸಿಕ್ಕೀತು. ಟಿವಿ ಇಲ್ಲದೆ ಕಳೆದ ಸಂಜೆಗಳಿಗೆ ಯಾವ ಮಂಡಿಯಲ್ಲಿ ರೇಟು ಕಟ್ಟುತ್ತಾರೆ?

ಅವರ ಹೆಂಡತಿ ರಾಧಮ್ಮ ಇಷ್ಟು ದಿನ ಸುಮ್ಮನಿದ್ದರು. ಆದರೆ ಶಿಕಾರಿಪುರದಲ್ಲಿ ಕಾಲೇಜು ಓದುವ ಮಗಳು ದಿವ್ಯ ರಾಜ್ಯದ ಖೋಖೋ ತಂಡಕ್ಕೆ ಆಯ್ಕೆಯಾದಳು. ತಂಡ ಫೈನಲಿಗೂ ಹೋಯಿತು. ಭಾನುವಾರ ಮಧ್ಯಾಹ್ನ ಆಟ ಟಿವಿಯಲ್ಲಿ ಬರುತ್ತದೆ ಎಂದು ತಿಳಿದಾಗ ರಾಧಮ್ಮ ಗಂಡನ ಮುಂದೆ ಪಟ್ಟು ಹಿಡಿದು ಕೂತರು. ಭಾನುವಾರ ಬೆಳಿಗ್ಗೆಯೇ ಗಂಡನನ್ನು ಬಸ್ಸಿಗೆ ಹತ್ತಿಸಿಕೊಂಡು ಅಂಗಡಿಗೆ ಬಂದರು.

"ಅವಳು ಆಡಾದನ್ನ ನಾನು ಒಂದ್ಸಲಾನೂ ಕಂಡಿಲ್ಲಪ್ಪ. ಫೋನಲ್ಲಿ ಇರುವೆ ಥರ ಕಾಣ್ತಾಳೆ. ಯಾವ್ದಾದ್ರೂ ಸೈ, ಬೇಗ ಕೊಡು, ಆಟ ಶುರುವಾಗಾದ್ರೊಳಗೆ ಮನೆ ಸೇರ್ಬೇಕು" ಎಂದರು.

ನಾನು ಪೆಟ್ಟಿಗೆ ಇಳಿಸಿದೆ. ರಾಜಪ್ಪನವರು ಅದರ ಮೇಲೆ ಬರೆದಿದ್ದನ್ನೆಲ್ಲ ಓದಿದರು. ಇನ್ನೊಂದು ಇಳಿಸಿದೆ, ಅದನ್ನೂ ಓದಿದರು. ಉಳವಿಯ ಬಸ್ಸು ಒಂದು ಹೋಯಿತು. ಮುಂದಿನ ಬಸ್ಸಿಗಾದರೂ ಹೊರಡಿ ಎಂದೆ. ಅವರು ಫೋನಿನಲ್ಲಿ ಯಾವನೋ ಮೈಕ್ರೋ ಎಲ್‌ಇಡಿಯ ಭವಿಷ್ಯ ಹೇಳುತ್ತಿದ್ದ ವಿಡಿಯೋ ತೋರಿಸಿದರು. ಆ ಬಸ್ಸೂ ಹೋಯಿತು.

ರಾಧಮ್ಮನ ಮುಖ ನೋಡಲಾಗಲಿಲ್ಲ. ಗೋಡೆಯ ಟಿವಿಗಳಲ್ಲಿ ದಿನವಿಡೀ ಈಜುವ ಬಣ್ಣದ ಮೀನುಗಳನ್ನು ತೆಗೆದು ಖೋಖೋ ಹಾಕಿದೆ. ಎಲ್ಲ ಪರದೆಗಳಲ್ಲೂ ಒಟ್ಟಿಗೆ ಮೈದಾನ ತೆರೆಯಿತು. ಆಕೆ ಖಾಲಿ ಪೆಟ್ಟಿಗೆಯ ಮೇಲೆ ಕೂತು ಸೆರಗನ್ನು ಬಾಯಿಗೆ ಒತ್ತಿಕೊಂಡರು.

ರಾಜಪ್ಪನವರು ಕನ್ನಡಕ ಹಣೆಗೇರಿಸಿ, ಓಎಲ್‌ಇಡಿಗೆ ಗೇಣಿನಷ್ಟು ಹತ್ತಿರ ನಿಂತು ಚುಕ್ಕಿ ಪರೀಕ್ಷೆ ಮಾಡುತ್ತಿದ್ದರು. ಆಗಲೇ ಒಬ್ಬ ಹುಡುಗಿ ಕಂಬಕ್ಕೆ ಹಾರಿ, ಗಾಳಿಯಲ್ಲೇ ತಿರುಗಿ, ಎದುರಾಳಿಯನ್ನು ಮುಟ್ಟಿ ನೆಲಕ್ಕೆ ಬಿದ್ದಳು. ಅವಳ ತಂಡ ಗೆದ್ದಿತು. ಅಂಗಡಿಯಲ್ಲಿದ್ದವರೆಲ್ಲ ಕೂಗಿದರು. ಕ್ಯಾಮೆರಾ ಆ ಹುಡುಗಿಯ ಮುಖಕ್ಕೆ ಬಂತು, ಬೆವರು, ಮಣ್ಣು, ತುಟಿಯ ತುದಿಯಲ್ಲಿ ರಕ್ತ.

"ಇಲ್ನೋಡು ತೀರ್ಥೇಶ್, ನಾನು ಹೇಳ್ಲಿಲ್ವಾ" ಎಂದು ರಾಜಪ್ಪನವರು ಪರದೆಗೆ ಬೆರಳಿಟ್ಟರು. "ಈ ಹುಡುಗಿ ಮುಖ ನೋಡು, ಎಷ್ಟು ಕಪ್ಪು ಮಾಡಿ ತೋರಿಸ್ತೈತೆ. ಇದು ಮನುಷ್ಯರ ಬಣ್ಣಾನಾ?"

ನನಗೆ ನಾಚಿಕೆಯಾಯಿತು, ಅವರ ಪರವಾಗಿ.

ರಾಧಮ್ಮ ಕಣ್ಣು ಒರೆಸಿಕೊಂಡು ಎದ್ದರು. "ಅದು ದಿವ್ಯ ಕಣ್ರೀ" ಎಂದರು.

ರಾಜಪ್ಪನವರು ಕನ್ನಡಕ ಇಳಿಸುವಷ್ಟರಲ್ಲಿ ಜಾಹೀರಾತು ಬಂದಿತ್ತು. ಯಾವುದೋ ಸೋಪಿನದು. ಅವರು ಗೋಡೆಯ ಒಂದೊಂದೇ ಟಿವಿಯನ್ನು ನೋಡುತ್ತ ಹೋದರು. ಎಲ್ಲದರಲ್ಲೂ ಸೋಪೇ.

"ಇದನ್ನೇ ಕೊಡು" ಎಂದರು ಕೊನೆಗೆ, ದನಿ ಕುಗ್ಗಿತ್ತು.

"ಬ್ಯಾಡ ಬಿಡು ತೀರ್ಥೇಶ, ನಾ ನೋಡಾತು" ಎಂದು ರಾಧಮ್ಮ ಚಪ್ಪಲಿ ಮೆಟ್ಟಿ ಬಸ್ ಸ್ಟ್ಯಾಂಡಿನ ಕಡೆ ನಡೆದರು. ತಿರುಗಿಯೂ ನೋಡಲಿಲ್ಲ.

ರಾಜಪ್ಪನವರು ಅಲ್ಲೇ ಉಳಿದರು. "ಅದನ್ನ ಮತ್ತೆ ತೋರಿಸ್ತಾರಾ?" ಎಂದು ಕೇಳಿದರು.

ತೋರಿಸುತ್ತಾರೋ ಇಲ್ಲವೋ ನನಗೇನು ಗೊತ್ತು? ಆದರೂ ಅವರ ಮುಂದೆ ಒಂದು ಸ್ಟೂಲು ಹಾಕಿ ಹೇಳಿದೆ.

"ತಡೀರಿ, ಬರ್ತೈತೆ."