ಹದಿನಾಲ್ಕನೇ ನಂಬರಿನ ಗದ್ದೆ

ನೆರೆಮನೆಯ ಚಲುವರಾಜು ಹೆಣದ ಕಾಲಿನ ಎರಡೂ ಹೆಬ್ಬೆರಳನ್ನು ಜೋಡಿಸಿ ದಾರ ಬಿಗಿಯುತ್ತಿದ್ದಾಗ, ಕಿಟಕಿಯಲ್ಲಿದ್ದ ಪುಟ್ಟಮಾದಯ್ಯನ ಫೋನು ಹೊಡೆದುಕೊಳ್ಳತೊಡಗಿತು. ಅವನು ಬೆಚ್ಚಿ ದಾರ ಕೈಬಿಟ್ಟ.

"ಯಾರವ್ವಾ ಅದು, ಸತ್ತೋನ್ಗೆ ಫೋನ್ ಮಾಡೋರು?"

ಮಳವಳ್ಳಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುವ ಮಗಳು ಶಶಿರೇಖಾ ಎದ್ದು ಫೋನು ಎತ್ತಿದಳು. ಕೇಳುತ್ತ ಕೇಳುತ್ತ ಅವಳ ಮುಖ ಗಲಿಬಿಲಿಯಾಯಿತು. ಫೋನಿಗೆ ಕೈ ಅಡ್ಡ ಹಿಡಿದು ತಾಯಿ ಪಟ್ಟಲಮ್ಮನ ಪಕ್ಕ ಬಂದು ಕೂತಳು.

"ಅವ್ವಾ, ಆಫ್ರಿಕಾದಿಂದ, ಒಬ್ರು ಲಾಯರಮ್ಮ. ಅಪ್ಪ ಇವತ್ತು ಎರಡು ಗಂಟೆಗೆ ಸಾಕ್ಷಿ ಹೇಳ್ಬೇಕಿತ್ತಂತೆ."

ಪಟ್ಟಲಮ್ಮ ಗಂಡನ ಮುಖದ ಕಡೆ ತಿರುಗಿದಳು.

ಆತಗೂರಿನ ಕಡೆಯವರಿಗೆ ಅವನು ಆಫ್ರಿಕಾ ಪುಟ್ಟಮಾದಯ್ಯ. ಆಫ್ರಿಕಾದಲ್ಲಿ ಯಾವ ದೇಶ ಎಂದು ಕೇಳಿದವರಿಲ್ಲ; ಹೇಳಿದರೂ ಆ ಹೆಸರು ಯಾರ ನಾಲಿಗೆಗೂ ಹತ್ತುತ್ತಿರಲಿಲ್ಲ. ಇಲ್ಲಿನ ಸಕ್ಕರೆ ಕಾರ್ಖಾನೆಯಲ್ಲಿ ಪಾಕ ನೋಡುವುದನ್ನು ಕಲಿತು, ಅಲ್ಲಿನ ಕಾರ್ಖಾನೆಯಲ್ಲಿ ಹನ್ನೆರಡು ವರ್ಷ ದುಡಿದು ಬಂದಿದ್ದ. ಈಚೆಗೆ ಒಂದು ವರ್ಷದಿಂದ ಅವನಿಗೆ ಫೋನೇ ಲೋಕವಾಗಿತ್ತು. ಆ ದೇಶದಲ್ಲಿ ಸರ್ಕಾರ ಬದಲಾಗಿ, ಹಿಂದಿನವರ ಕಾಲದಲ್ಲಿ ಸತ್ತವರು ಹೇಗೆ ಸತ್ತರೆಂದು ವಿಚಾರಿಸಲು ಮಾನವ ಹಕ್ಕುಗಳ ಆಯೋಗ ಕೂತಿತ್ತು. ವಿಚಾರಿಸಲೇಬೇಕೆಂದು ಅರ್ಧ ಜನ, ಹಳೇ ಹುಣ್ಣು ಕೆರೆಯಬೇಡಿ ಎಂದು ಇನ್ನರ್ಧ ಜನ. ದಿನಾ ಬೆಳಗಾದರೆ ಕಿತ್ತಾಟ. ಅರ್ಥವಾದಷ್ಟು ಅರ್ಥಮಾಡಿಕೊಂಡು ಮುದುಕ ಅದನ್ನೇ ನೋಡುತ್ತಿದ್ದ.

"ಮುದ್ದೆ ಆರೋಯ್ತು, ಆ ಜಗಳ ಕಟ್ಕೊಂಡು ನಿಂಗೇನಾಗ್ಬೇಕು?" ಎಂದು ಪಟ್ಟಲಮ್ಮ ರೇಗುತ್ತಿದ್ದಳು. ಏನಾಗಬೇಕೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದದ್ದೂ ಅವಳೊಬ್ಬಳಿಗೇ.

*

ಆಫ್ರಿಕಾಕ್ಕೆ ಹೋದ ಆರನೇ ವರ್ಷ ರಜಕ್ಕೆ ಬಂದವನು ಮೂರು ದಿನ ಸರಿಯಾಗಿ ಮಾತಾಡಲಿಲ್ಲ. ನಾಲ್ಕನೆಯ ದಿನ ರಾಗಿ ಕೇರುತ್ತಿದ್ದ ಹೆಂಡತಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಬಾಯಿಬಿಟ್ಟ. ಅಲ್ಲಿ ಕಬ್ಬು ಕಡಿಯುವವರು ಮುಷ್ಕರ ಹೂಡಿದ್ದರು. ಹನ್ನೊಂದು ಜನ ಸತ್ತರು. ಹದಿನಾಲ್ಕನೇ ನಂಬರಿನ ಗದ್ದೆಗೆ ಅವರೇ ಬೆಂಕಿಯಿಟ್ಟು, ಕಬ್ಬಿನೊಳಗೆ ಸಿಕ್ಕಿಕೊಂಡು ಬೆಂದರು ಎಂದು ಸರ್ಕಾರ ಹೇಳಿತು.

"ಆ ಗದ್ದೆ ಕಬ್ಬು ಮುಷ್ಕರಕ್ಕೆ ಮುಂಚೇನೇ ಕಡ್ದು ಬಂದಿತ್ತು ಕಣಮ್ಮಿ. ನಾನೇ ಸಕ್ರೆ ಮಾಡಿವ್ನಿ. ಬೋಳುಗದ್ದೇಲಿ ಯಾವ್ ಬೆಂಕಿ? ಮಿಲ್ಟ್ರಿಯೋರು ಗುಂಡಾಕಿ, ಆಮೇಲ್ ಸುಟ್ರು."

"ಸಿವನೇ! ನೀನ್ ಯೋಳ್ನಿಲ್ವಾ?"

"ಕಬ್ಬು ನಿಂತಿತ್ತು ಅಂತ ಅವರೇ ಬರ್ಕೊಂಡು ಬಂದ್ರು. ರುಜು ಆಕ್ಬುಟ್ಟೆ. ಈಗೋಗಿ ನಿಜ ಯೋಳ್ಬುಡ್ಲಾ ಅಂತ."

ಮಗ ಮಹದೇವು ಆಗ ಮೂರನೇ ಕ್ಲಾಸು, ಶಶಿರೇಖಾ ತೊಟ್ಟಿಲಲ್ಲಿ. ಪಟ್ಟಲಮ್ಮ ಮೊರ ಕೆಳಗಿಟ್ಟಳು. "ನೀನ್ ಯೋಳುದ್ರೆ ಸತ್ತೋರ್ ಎದ್ ಬಂದಾರಾ? ನಿನ್ನೂ ಅಲ್ಲೇ ಮಣ್ಮಾಡ್ತಾರೆ. ಬಾಯ್ ಮುಚ್ಕೊಂಡಿರು."

ಅವನು ಮುಚ್ಚಿಕೊಂಡ. ಇನ್ನೂ ಆರು ವರ್ಷ ಅಲ್ಲೇ ದುಡಿದ. ಮಹದೇವು ದೊಡ್ಡವನಾಗಿ ಮನೆಗೆ ಬುದ್ಧನ ಪಟ ತಂದ ಮೇಲೆ, ಹುಣ್ಣಿಮೆ ಹುಣ್ಣಿಮೆಗೂ ಮನೆಯವರೆಲ್ಲ ಕೂತು ಪಂಚಶೀಲ ಹೇಳುತ್ತಿದ್ದರು. ನಾಲ್ಕನೆಯದು, ಸುಳ್ಳಾಡುವುದಿಲ್ಲ ಎನ್ನುವುದು, ಬಂದಾಗ ಅವನ ತುಟಿ ಅಲ್ಲಾಡುತ್ತಿರಲಿಲ್ಲ. ಪಕ್ಕದಲ್ಲಿದ್ದ ಪಟ್ಟಲಮ್ಮ ನೋಡಿಯೂ ನೋಡದವಳಂತೆ ಮುಂದಿನದನ್ನು ಹೇಳುತ್ತಿದ್ದಳು.

*

"ಅಪ್ಪ ಹೋಗ್ಬುಟ್ಟ ಅಂದೆ. ಇದು ಕೋರ್ಟಲ್ವಂತವ್ವಾ, ಆಯೋಗ. ಮನೆಯವರು ಹೇಳಿದ್ರೂ ಬರ್ಕೊಳ್ತಾರಂತೆ," ಎಂದಳು ಶಶಿರೇಖಾ. "ಅಪ್ಪನ ರುಜು ಇರೋ ಹಳೇ ಕಾಗದ ಅವರ ಹತ್ರ ಐತಂತೆ. ಇವತ್ತೇ ಕೊನೇ ದಿನ. ಯಾರೂ ಏನೂ ಹೇಳ್ದಿದ್ರೆ ಅದೇ ನಿಜ ಅಂತ ಫೈಲ್ ಮುಚ್ಬುಡ್ತಾರಂತೆ. ಅಪ್ಪ ನಿಂಗೇನಾದ್ರೂ ಹೇಳಿದ್ನಾ?"

ಜಗಲಿಯ ಮೇಲೆ ಯಾರೋ, "ಪುಣ್ಯಾತ್ಮ ಕಣಪ್ಪ, ಒಂದ್ ಸುಳ್ಳಾಡ್ದೋನಲ್ಲ," ಎನ್ನುತ್ತಿದ್ದರು.

"ಹೆಣ ಮುಂದಿಟ್ಕೊಂಡು ಇದೆಲ್ಲ ಬೇಕಾ?" ಮಹದೇವು ಸಿಡಿದ. "ಯಾವ್ದೋ ದೇಶದ ಕೇಸಿಗೆ ಅಪ್ಪನ ಹೆಸ್ರು ಯಾಕೆ? ಫೋನ್ ಮಡಗು."

ಪಟ್ಟಲಮ್ಮನಿಗೆ ದಿಕ್ಕು ತೋಚಲಿಲ್ಲ. ಹೇಳಿದರೆ ಗಂಡ ಸುಳ್ಳುಗಾರನಾಗುತ್ತಾನೆ, ಅದೂ ಮಣ್ಣಿಗೆ ಹೋಗುವ ದಿನ. ಹೇಳದಿದ್ದರೆ? ಹೇಳಬೇಕೆಂದೇ ಅವನು ಒಪ್ಪಿಕೊಂಡಿದ್ದನಲ್ಲ. ಕೊನೇ ಗಳಿಗೆಯಲ್ಲಿ ಹಿಂಜರಿಯುತ್ತಿದ್ದನೋ ಏನೋ. ಕೇಳೋಣವೆಂದರೆ ಕಣ್ಣುಮುಚ್ಚಿ ಮಲಗಿದ್ದಾನೆ. ಹಾಳಾದವನು, ಇನ್ನೊಂದು ದಿನ ಇದ್ದಿದ್ದರೆ ಯಾರಪ್ಪನ ಗಂಟು ಹೋಗುತ್ತಿತ್ತು! ಸಿಟ್ಟು ಬಂತು, ಸಿಟ್ಟಿನ ಹಿಂದೆಯೇ ಅಳು ಬಂತು.

ಎರಡು ಗಂಟೆಗೆ ಫೋನು ಮತ್ತೆ ಹೊಡೆದುಕೊಂಡಿತು. ಈ ಸಲ ಅದರೊಳಗೆ ದೊಡ್ಡದೊಂದು ಹಜಾರ ಕಾಣಿಸಿತು. ಬೆಂಚುಗಳ ಮೇಲೆ ತಲೆಗೆ ಬಟ್ಟೆ ಸುತ್ತಿದ ವಯಸ್ಸಾದ ಹೆಂಗಸರು ಕೂತಿದ್ದರು.

"ಯಾರವ್ವಾ ಅವ್ರು?"

"ಸತ್ತೋರ ಹೆಂಡ್ತೀರಂತೆ."

ಪಟ್ಟಲಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ಕೊಡಿಲ್ಲಿ."

ಅವಳು ಹೇಳುತ್ತ ಹೋದಳು, ಶಶಿರೇಖಾ ಇಂಗ್ಲಿಷಿಗೆ ತಿರುಗಿಸುತ್ತ ಹೋದಳು. "ನನ್ ಗಂಡ ಸುಳ್ಗೆ ರುಜು ಆಕಿದ್ದ. ಹನ್ನೊಂದ್ ಜನ ಬೆಂದ್ರು ಅಂದ್ರಲ್ಲ, ಆ ಗದ್ದೇಲಿ ಕಬ್ಬೇ ಇರ್ನಿಲ್ಲ. ಆವಾಗ್ಲೇ ಕಡ್ದಾಗಿತ್ತು. ಮಿಲ್ಟ್ರಿಯೋರು ಗುಂಡಾಕಿ ಸುಟ್ರು ಅಂತ ನಂಗೆ ಯೋಳ್ದ. ನಿಜ ಯೋಳ್ಬುಡ್ತೀನಿ ಅಂದ. ಬ್ಯಾಡ ಅಂದೋಳು ನಾನು."

ಶಶಿರೇಖಾ ತಡೆದು ತಾಯಿಯ ಮುಖ ನೋಡಿದಳು.

"ಅದ್ನೂ ಯೋಳು."

ಜಗಲಿಯವರೆಲ್ಲ ಬಾಗಿಲಿಗೆ ಬಂದು ಮುತ್ತಿದ್ದರು. ದೇಶದ ತಲೆಬುಡ ಒಬ್ಬನಿಗೂ ತಿಳಿಯಲಿಲ್ಲ, ಕಬ್ಬು ತಿಳಿದಿತ್ತು. "ಕಡ್ದ್ ಗದ್ದೇಲಿ ತರಗು ಉರೀತದೆ, ಅಷ್ಟೇಯ. ಹನ್ನೊಂದ್ ಜನ ಎಂಗ್ಲಾ ಬೆಂದೋಯ್ತಾರೆ?" ಎಂದ ಚಲುವರಾಜು. ಮಹದೇವು ಗೋಡೆಗೊರಗಿ ಕೂತುಬಿಟ್ಟ.

ಆ ಕಡೆ ಹಜಾರದಲ್ಲಿ ಒಬ್ಬ ಮುದುಕಿ ಎದ್ದು ಬಂದಳು. ಅವಳ ಮುಖ ಫೋನಿನ ತುಂಬ ಬಂತು. ಬೆರಳು ತೋರಿಸಿ ಜೋರಾಗಿ ಏನೋ ಹೇಳತೊಡಗಿದಳು. ನಡುವೆ ಧ್ವನಿ ಒಡೆಯಿತು, ಮತ್ತೆ ಏರಿತು.

"ಏನಂತಾವ್ಳೆ?"

"ಗೊತ್ತಾಯ್ತಿಲ್ಲವ್ವಾ. ಇಂಗ್ಲಿಷಲ್ಲ, ಅವರ ಮಾತು. ಲಾಯರೂ ಸುಮ್ನವ್ರೆ."

ಬೈಯುತ್ತಿದ್ದಾಳೋ, ಅಳುತ್ತಿದ್ದಾಳೋ, ಹರಸುತ್ತಿದ್ದಾಳೋ, ಪಟ್ಟಲಮ್ಮನಿಗೆ ಒಂದೂ ಗೊತ್ತಾಗಲಿಲ್ಲ.

"ಗುಂಡಿ ತೆಗ್ದು ಕಾಯ್ತಾವ್ರೆ, ಒತ್ತಾಯ್ತು. ಎತ್ತಾನಾ ಅಕ್ಕಾ?" ಚಲುವರಾಜು ಮೆಲ್ಲಗೆ ಕೇಳಿದ.

"ತಡೀರ್ಲಾ," ಎಂದಳು ಪಟ್ಟಲಮ್ಮ. ಮಂಡಿಯೂರಿ ಹೆಣದ ಹತ್ತಿರಕ್ಕೆ ಸರಿದಳು. ಗಂಡನ ಕಿವಿಯ ಮೇಲೆ ಬಿದ್ದಿದ್ದ ಸೇವಂತಿಗೆ ಹಾರವನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿ, ಆ ಹೆಂಗಸು ಮಾತಾಡುತ್ತಿದ್ದ ಹಾಗೆಯೇ ಫೋನನ್ನು ಅವನ ಕಿವಿಗೆ ಹಿಡಿದಳು.